ಗೇಣೆತ್ತರಕ್ಕೆ ನಿಂತ ಲಿಫ್ಟು

ಯಂತ್ರವೊಂದು ಕೆಟ್ಟು ನಿಂತ ಅಂಗಳದಲ್ಲಿ ನಗುವಿಗೆ ಕಾರಣಗಳು ತಾವಾಗಿಯೇ ಹುಟ್ಟುತ್ತಿರುತ್ತವೆ. ನಗುವ ಸ್ಥಿತಿಯಲ್ಲಿ ಮನೆಯವರು ಇರುವುದಿಲ್ಲ ಎಂಬುದಷ್ಟೇ ತೊಡಕು. ಕನ್ನಡ ಎಂ.ಎ. ಮುಗಿಸಿ, ಈ ಸಲದ ಮುಂಗಾರಿನ ಹೊತ್ತಿಗೆ ನಾನು ಊರಿಗೆ ಮರಳಿದಾಗ ನಮ್ಮ ಮನೆ ಅಂಥ ಸ್ಥಿತಿಯಲ್ಲಿತ್ತು.

ನಮ್ಮದು ಕೊಟ್ಟೂರು ತಾಲ್ಲೂಕಿನಲ್ಲಿ, ಉಜ್ಜಿನಿಗೆ ಹೋಗುವ ದಾರಿಯಿಂದ ತುಸು ಒಳಗಿರುವ ಊರು. ಅಂಗಳದ ಬೇವಿನ ಮರದಡಿ ನಿಲ್ಲುವ ಟ್ರ್ಯಾಕ್ಟರು ವಯಸ್ಸಿನಲ್ಲಿ ನನಗಿಂತ ಹಿರಿಯದು. ಅದರ ಹಿಂಬದಿಯಲ್ಲಿ ನೆಲ ಸೀಳುವ ರಂಟೆಯನ್ನೋ ಸಾಲುಹಲ್ಲಿನ ಕಲ್ಟಿವೇಟರನ್ನೋ ಎತ್ತಿ ಇಳಿಸುವ ಎರಡು ಕಬ್ಬಿಣದ ತೋಳುಗಳಿವೆ. ಎಣ್ಣೆಯ ಒತ್ತಡದಿಂದ ನಡೆಯುವ ಆ ಏರ್ಪಾಡನ್ನು ಎಲ್ಲರೂ ಲಿಫ್ಟು ಎನ್ನುತ್ತಾರೆ. ಕಳೆದ ಹಿಂಗಾರಿನಲ್ಲಿ, ಎತ್ತಿ ನಿಲ್ಲಿಸಿದ ರಂಟೆಯ ಕೆಳಗೆ ಕುಳಿತು ಅಪ್ಪ ಬೋಲ್ಟು ಬಿಗಿಯುತ್ತಿದ್ದಾಗ ಲಿಫ್ಟು ಸದ್ದಿಲ್ಲದೆ ಕುಸಿಯಿತು. ಎಡಗಾಲಿನ ಮೂರು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು. ಅಂದಿನಿಂದ ಗಾಡಿ ಅಣ್ಣನ ಕೈಗೆ ಬಂತು; ಅವರಿವರ ಹೊಲ ಹೊಡೆದುಕೊಡುವುದೇ ಅವನ ಕಸುಬಾಯಿತು. ಈ ವರ್ಷ ಲಿಫ್ಟು ಇನ್ನಷ್ಟು ಸೋತಿತು. ಏನೂ ಕಟ್ಟದಿದ್ದರೆ ತೋಳುಗಳು ಏಳುತ್ತವೆ. ಕಲ್ಟಿವೇಟರ್ ಕಟ್ಟಿದರೆ ಗೇಣೆತ್ತರಕ್ಕೆ ಬಂದು, ಕುಂಯ್‌ಗುಟ್ಟಿ, ನಡುಗಿ ನಿಲ್ಲುತ್ತದೆ. ಇಂಜಿನ್ ಆರಿಸಿದರೆ ನಾಲ್ಕು ಮಾತಾಡುವಷ್ಟರಲ್ಲಿ ನೆಲ ಮುಟ್ಟುತ್ತದೆ.

ಅವ್ವ ತನ್ನ ತೀರ್ಮಾನವನ್ನು ಮಂಗಳವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ತಿಳಿಸಿದಳು. "ಸೋಮವಾರ ಗುಜರಿಯವನಿಗೆ ಬಾ ಅಂದೀನಿ. ಅಷ್ಟರಾಗ ಅದು ಎತ್ತಿದ್ದನ್ನ ಕೈಬಿಡದಂಗ ಆದ್ರ ಮನ್ಯಾಗ ಇರ್ಲಿ. ಇಲ್ಲಂದ್ರ ತೂಕಕ್ಕ ಹೋಗ್ಲಿ. ಇನ್ನೊಂದು ಕಾಲು ನಾ ಅದಕ್ಕ ಕೊಡೂದಿಲ್ಲ."

ಅಣ್ಣ ಅರ್ಧ ರೊಟ್ಟಿ ಬಿಟ್ಟು ಎದ್ದುಹೋದ. ನಮಗೆ ಆರು ದಿನಗಳಿದ್ದವು.

ಮಾತಾಡಿಸಲು ಬಂದವರು

ಪೆಟ್ಟಾದವರನ್ನು ಮಾತಾಡಿಸಿ ಬರುವುದು ನಮ್ಮ ಕಡೆ ತಪ್ಪಿಸಬಾರದ ಕರ್ತವ್ಯ. ತಡವಾದರೂ ನಡೆಯುತ್ತದೆ, ಹೋಗದಿದ್ದರೆ ನಡೆಯುವುದಿಲ್ಲ. ಹೀಗಾಗಿ ಅಪ್ಪನ ಗಾಯ ಒಣಗಿ ತಿಂಗಳುಗಳಾದ ಮೇಲೂ ಹಡಗಲಿ ಕಡೆಯ ದೂರದ ನೆಂಟರೊಬ್ಬರು ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ಅಪ್ಪನ ಕಾಲನ್ನು ನೋಡಿ ಎರಡು ಸಲ ಲೊಚಗುಟ್ಟಿದರು. ಅಷ್ಟರಲ್ಲಿ ಅಂಗಳದಿಂದ ಲಿಫ್ಟಿನ ನರಳಾಟ ಕೇಳಿಸಿತು. ಅವರ ಮುಖಕ್ಕೆ ಕಳೆ ಬಂತು.

"ಪಂಪು ಹೋಗೇತಿ," ಎಂದು ಕೂತಲ್ಲಿಂದಲೇ ಹೇಳಿದರು.

ಅವರು ಎದ್ದುಹೋಗಿ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದರು. ಮೊಬೈಲಿನಲ್ಲಿ ಹಿಂದಿಯ ವಿಡಿಯೊ ಒಂದನ್ನು ಹಚ್ಚಿ ಅಣ್ಣನ ಮುಖಕ್ಕೆ ಹಿಡಿದರು. ಅದರಲ್ಲಿ ಯಾರದೋ ಕೈಗಳು ಯಾವುದೋ ಬೇರೆ ಟ್ರ್ಯಾಕ್ಟರನ್ನು ಬಿಚ್ಚುತ್ತಿದ್ದವು. ಪಕ್ಕದ ಮನೆಯ ಮುದುಕ ಸುಣ್ಣ ತಿಕ್ಕಿದ ಎಲೆಯನ್ನು ಬಾಯಿಗಿಟ್ಟುಕೊಂಡು ಬಂದು ಆ ನಿರ್ಣಯವನ್ನು ತಳ್ಳಿಹಾಕಿದ.

"ಪಂಪಲ್ಲೋ ತಮ್ಮ. ಮೊದ್ಲು ಆಯಿಲ್ ನೋಡ್ರಿ."

ಅಣ್ಣ ಅಳತೆಯ ಕಡ್ಡಿಯನ್ನು ಎಳೆದ. ಎಣ್ಣೆ ಗುರುತಿಗಿಂತ ನಾಲ್ಕು ಬೆರಳು ಮೇಲಿತ್ತು.

ಪಡಸಾಲೆಯ ಮಂಚದ ಮೇಲಿಂದ ಅಪ್ಪ ಕೇಳಿದ: "ನಾನು ಹಾಕಿಲ್ಲ. ನೀನು ಹಾಕೀಯೇನು?"

"ಇಲ್ಲಪ್ಪ."

"ಮತ್ತ ಹೆಂಗ ಏರ್ತು?"

ನೆಂಟರು ಕಡ್ಡಿಯನ್ನು ಮೂಸಿ ನೋಡಿ, ಗಂಭೀರವಾಗಿ, "ಭಾಳ ಹಳೇ ಗಾಡಿ ಐತಿ ಮಾವ. ಒಳಗ ಒರತಿ ಬಿದ್ದಿರಬೇಕು," ಎಂದರು.

ಹೀಗೆ ಒಂದು ಗಂಟೆ ಕಳೆಯಿತು. ಹೊರಡುವಾಗ ಅವರಿಗೆ ಬಾಳೆಹಣ್ಣಿನ ನೆನಪಾಯಿತು. ಮಂಚದವರೆಗೆ ತಿರುಗಿ ಬರುವ ಬದಲು ಚಿಪ್ಪನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲಿಟ್ಟು, ಅದನ್ನೊಮ್ಮೆ ತಟ್ಟಿ, "ಲಗೂನ ಆರಾಮಾಗ್ರಿ," ಎಂದು ಹೇಳಿ ಹೋದರು.

ಅಪ್ಪ ಬಹಳ ಹೊತ್ತು ಆ ಹಣ್ಣುಗಳನ್ನೇ ನೋಡಿದ. "ತಂಗಿ, ಅದು ತಿಂದು ಉಳಿದ್ರ ನನಗೊಂದು ಕೊಡು," ಎಂದು ನನಗೆ ಹೇಳಿದ.

ಭಾರದ ಕಲ್ಲು

ಬುಧವಾರ ಅಪ್ಪ ಒಂದು ತಿಳಿವಳಿಕೆಯ ಮಾತು ಹೇಳಿದ. ಲಿಫ್ಟನ್ನು ಬೈಯುವ ಮೊದಲು ಅದರ ಮೇಲಿನ ಭಾರವನ್ನು ಇಳಿಸಿ ನೋಡಬೇಕು. ನಮ್ಮ ಮಸಾರಿಯ ಕೆಂಪು ನೆಲ ಬಿರುಸು. ಕಲ್ಟಿವೇಟರಿನ ಹಲ್ಲುಗಳು ಆಳಕ್ಕೆ ಇಳಿಯಲೆಂದು ಅದರ ಚೌಕಟ್ಟಿಗೆ ಕಲ್ಲು ಕಟ್ಟುವುದು ಇಲ್ಲಿನ ರೂಢಿ. ನಮ್ಮದಕ್ಕೂ ಒಂದು ಚಪ್ಪಡಿ ಕಟ್ಟಿತ್ತು. ನಾಲ್ಕು ವರ್ಷಗಳಿಂದ ಅಲ್ಲೇ ಇದ್ದುದರಿಂದ ಅದು ಕಲ್ಟಿವೇಟರಿನ ಅಂಗವೇ ಎಂದು ಎಲ್ಲರೂ ನಂಬಿದ್ದೆವು.

ಹಗ್ಗ ಬಿಚ್ಚಿ ಚಪ್ಪಡಿಯನ್ನು ಮಗುಚಿದೆವು. ಕೆಳಮುಖವಾಗಿದ್ದ ಮೈಯಲ್ಲಿ ಕುದುರೆಯೊಂದಿತ್ತು. ಕುದುರೆಯ ಮೇಲೆ ಕತ್ತಿ ಎತ್ತಿದ ಮನುಷ್ಯನಿದ್ದ. ಮೇಲಿನ ಪಟ್ಟಿಯಲ್ಲಿ ಸವೆದ ಅಕ್ಷರಗಳ ನೆರಳಿತ್ತು. ಬಾಗಳಿಯ ಗುಡಿಯಲ್ಲಿ ಶಾಸನಗಳ ಮುಂದೆ ಗಂಟೆಗಟ್ಟಲೆ ಕುಳಿತು ಬಂದವಳು ನಾನು. ನಮ್ಮ ಮನೆಯಲ್ಲೇ ಒಂದು ಅಕ್ಷರಗಲ್ಲು ಬೋರಲಾಗಿ ಹೊಲ ಹೊಡೆಯುತ್ತಿರುವುದು ನನಗೆ ಗೊತ್ತಿರಲಿಲ್ಲ.

"ಅಣ್ಣಾ, ಇದು ವೀರಗಲ್ಲು. ಕಾಳಗದಾಗ ಸತ್ತವನ ನೆನಪಿಗೆ ನಿಲ್ಲಿಸಿದ್ದು."

"ಬದುವಿನಾಗ ಬಿದ್ದಿತ್ತು. ತೂಕ ಚಲೋ ಐತಂತ ತಂದೆ," ಎಂದ ಅಣ್ಣ. "ಅವ ಸತ್ತು ಎಷ್ಟು ದಿನ ಆಗಿರಬೇಕು?"

"ಎಂಟುನೂರು ವರ್ಷನಾದ್ರೂ ಆಗಿರಬೇಕು."

"ಎಂಟುನೂರು ವರ್ಷ ಸುಮ್ನ ಮಲಗಿದ್ದಾನ. ನಾಕು ವರ್ಷ ನಮ್ಮನಿಗೆ ದುಡದ್ರ ಏನು ಸವೀತಾನ?"

ನಾನು ಒಪ್ಪಲಿಲ್ಲ. ಯಾರ ಹೊಲ ಕಾಯಲೆಂದು ಸತ್ತನೋ ಅದೇ ನೆಲದಲ್ಲಿ ಆತನನ್ನು ತಲೆಕೆಳಗಾಗಿ ಎಳೆದಾಡುವುದು ಸಲ್ಲದೆಂದು ವಾದಿಸಿದೆ. ಕೊನೆಗೆ ಇಬ್ಬರೂ ಸೇರಿ ಕಲ್ಲನ್ನು ಒಯ್ದು ಬದುವಿನ ಮೇಲೆ ನೆಟ್ಟೆವು. ಬಂದು ಲಿಫ್ಟನ್ನು ಪರೀಕ್ಷಿಸಿದರೆ, ಗೇಣಿನ ಮೇಲೆ ನಾಲ್ಕು ಬೆರಳು ಹೆಚ್ಚು ಎತ್ತಿ, ಮತ್ತೆ ಕುಸಿಯಿತು.

ಸಂಜೆಯ ಹೊತ್ತಿಗೆ ಯಾರೋ ಕಲ್ಲಿಗೆ ಕುಂಕುಮ ಹಚ್ಚಿದ್ದರು. ಗುರುವಾರ ಬೆಳಿಗ್ಗೆ ಸುತ್ತಲೂ ನೀರು ಚಿಮುಕಿಸಿ ರಂಗೋಲಿ ಬಿದ್ದಿತ್ತು. ಮಧ್ಯಾಹ್ನ ಪಕ್ಕದ ಹೊಲದ ಹಿರಿಯರೊಬ್ಬರು ಮನೆಗೇ ಬಂದು ಅಣ್ಣನಿಗೆ ತಿಳಿಸಿದರು: "ಅಲ್ಲಿ ಸುತ್ತ ಐದು ಹೆಜ್ಜಿ ರಂಟಿ ಆಡಿಸಬ್ಯಾಡ್ರಿ ಇನ್ನ. ದೇವರು ಕುಂತೈತಿ."

ಅವರು ಹೋದ ಮೇಲೆ ಅಣ್ಣ ನನ್ನ ಕಡೆ ತಿರುಗಿದ. "ನಿನ್ನ ಎಂ.ಎ.ದಿಂದ ಲಿಫ್ಟು ನಾಕು ಬೆರಳು ಏರ್ತು. ಹೊಲ ಐದು ಹೆಜ್ಜಿ ಇಳೀತು. ಇನ್ನ ನೀ ಏನೂ ಓದಬ್ಯಾಡ."

ಚೀಟಿ

ಊರಿನವರ ನಿರ್ಣಯಗಳೆಲ್ಲ ಮುಗಿದ ಮೇಲೆ ಅಪ್ಪ ಹರಪನಹಳ್ಳಿ ಕಡೆಯ ಅರಸೀಕೆರೆಯ ಹಳೆಯ ಮೇಸ್ತ್ರಿಗೆ ಫೋನು ಮಾಡಿಸಿದ. ಶನಿವಾರ ಬರುವೆನೆಂದೂ, ಅಷ್ಟರೊಳಗೆ ಲಿಫ್ಟಿನ ಪಿಸ್ಟನ್ನಿಗೆ ಸುತ್ತುವ ರಬ್ಬರಿನ ಓರಿಂಗು, ಪಂಪಿನ ಬಾಯಿಯ ಫಿಲ್ಟರು, ಹೊಸ ಆಯಿಲು ತಂದಿಡಬೇಕೆಂದೂ ಅವರು ತಿಳಿಸಿದರು. ಅಣ್ಣ ಬೇರೆಯವರ ಗಾಡಿ ಓಡಿಸಲು ಹಗರಿಬೊಮ್ಮನಹಳ್ಳಿಗೆ ಹೋಗಿದ್ದ. ಶುಕ್ರವಾರ ಕೊಟ್ಟೂರಿಗೆ ನಾನೇ ಹೋದೆ.

ಬಸ್ಸಿನಲ್ಲಿ ಕುಳಿತು ಚೀಟಿ ಬರೆದೆ. ನಮ್ಮ ರೈತರು ದಿನವೂ ಮುಟ್ಟುವ ವಸ್ತುಗಳಿಗೆ ನಮ್ಮ ನುಡಿಯಲ್ಲಿ ಹೆಸರಿಲ್ಲವೆಂಬುದು ನನಗೆ ಬಹಳ ದಿನಗಳಿಂದ ನೋವಿನ ಸಂಗತಿ. ಇಂದಿಗೂ ಆ ನೋವು ಹೋಗಿಲ್ಲ. ಆದ್ದರಿಂದ ಶ್ರದ್ಧೆಯಿಂದ ಬರೆದೆ: ಹೀರುಜಾಲರಿ ಒಂದು, ರಬ್ಬರಿನ ಒತ್ತುಬಳೆ ಎರಡು, ಎತ್ತುತೈಲ ಒಂದು ಡಬ್ಬಿ.

ಬಿಡಿಭಾಗಗಳ ಅಂಗಡಿಯವರು ಚೀಟಿಯನ್ನು ಹತ್ತಿರ ಹಿಡಿದು ಓದಿದರು. ದೂರ ಹಿಡಿದು ಓದಿದರು. ಕನ್ನಡಕ ಒರೆಸಿಕೊಂಡರು. ನನ್ನ ಬಗ್ಗೆ ಅವರಿಗೆ ಮರುಕ ಬಂದಿತೆಂದು ತೋರುತ್ತದೆ.

"ನೋಡವ್ವ, ಜಾಲರಿ ಅಂದ್ರ ಈ ಸಾಲಿನಾಗ ನಾಕನೇದು ಪಾತ್ರಿ ಅಂಗಡಿ ಐತಿ, ಚಾ ಸೋಸೂದು, ಹಿಟ್ಟು ಸೋಸೂದು ಎಲ್ಲಾ ಸಿಗ್ತಾವ. ಬಳಿ ಬೇಕಂದ್ರ ಗುಡಿ ಹತ್ರ ಹೋಗು. ತೈಲ ನಮ್ಮಲ್ಲಿಲ್ಲ, ಆಯುರ್ವೇದದವ್ರು ಕೊಡ್ತಾರ."

ನಾನು ಅಣ್ಣನಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಅಣ್ಣ ಎರಡು ಮಾತಾಡಿದ. ಅವರು ಎರಡು ನಿಮಿಷದಲ್ಲಿ ಮೂರೂ ವಸ್ತುಗಳನ್ನು ಮೇಜಿನ ಮೇಲಿಟ್ಟರು. ಸೋತ ಮುಖದಿಂದ ನಾನು ಅವನ್ನು ಚೀಲಕ್ಕೆ ತುಂಬಿಕೊಳ್ಳುತ್ತಿರುವಾಗ ಮೆಲ್ಲಗೆ ಕೇಳಿದರು:

"ಟ್ರ್ಯಾಕ್ಟರಿಗೆ ಅಂತ ಮೊದ್ಲ ಹೇಳಬಾರದೇನವ್ವ. ಬಳಿ, ಜಾಲರಿ, ಡಬ್ಬಿ ಎಣ್ಣಿ ನೋಡಿ ನಾನು ಲಗ್ನದ ಸಂತಿ ಅಂದ್ಕೊಂಡೆ."

ಬಿಳಿ ಎಣ್ಣೆ

ಶನಿವಾರ ಬಂದ ಮೇಸ್ತ್ರಿ ಮೊದಲು ಮಾಡಿದ ಕೆಲಸವೆಂದರೆ, ಕಲ್ಟಿವೇಟರಿನ ಕೆಳಗೆ ಎರಡು ದಪ್ಪ ಕಟ್ಟಿಗೆಯ ತುಂಡುಗಳನ್ನು ಆಸರೆಯಾಗಿ ಇಟ್ಟದ್ದು. "ಇದರ ಕೆಳಗೆ ಕೈ ಹಾಕೋನು ಮೊದ್ಲು ಇದನ್ನ ಇಡಬೇಕು," ಎಂದರು. ಅಪ್ಪ ತನ್ನ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. ಎರಡು ಕಟ್ಟಿಗೆಯ ತುಂಡುಗಳು ನಮ್ಮ ಅಂಗಳದಲ್ಲಿ ರಂಟೆ ಕುಸಿದ ದಿನವೂ ಬಿದ್ದಿದ್ದವು.

ಮೇಸ್ತ್ರಿ ತಳದ ತಿರುಪು ಬಿಚ್ಚಿ ಎಣ್ಣೆ ಇಳಿಸಿದರು. ಕಪ್ಪಗಿರಬೇಕಾದ ಎಣ್ಣೆ ಬೋಗುಣಿಗೆ ಮಜ್ಜಿಗೆಯಂತೆ ಬೆಳ್ಳಗೆ ಬಿತ್ತು.

"ನೀರು ಕೂಡೈತೆ," ಎಂದರು. "ಅದಕ್ಕೇ ಮಟ್ಟ ಏರಿರೋದು. ಮಳೆಗೆ ಬಿಟ್ಟಿದ್ರೇನು?"

"ಇಲ್ರಿ. ಮರದ ಕೆಳಗ ಇರ್ತೈತಿ, ಮ್ಯಾಲೆ ತಾಡಪತ್ರಿ ಹಾಕ್ತೀವಿ," ಎಂದ ಅಣ್ಣ.

ಬಳಿಕ ಅವರು ಪಂಪಿನ ಬಾಯಿಗಿದ್ದ ಹಳೆಯ ಫಿಲ್ಟರನ್ನು ಹೊರತೆಗೆದರು. ಅದರ ಜಾಲರಿಯ ಒಂದು ಕಣ್ಣೂ ಕಾಣದಂತೆ ಬೂದುಬಣ್ಣದ ಮುದ್ದೆ ಮೆತ್ತಿಕೊಂಡಿತ್ತು. ಮೇಸ್ತ್ರಿ ಅದನ್ನು ಉಗುರಿನಿಂದ ಕೆರೆದರು; ಬೆರಳ ತುದಿಯಲ್ಲಿ ಉಜ್ಜಿದರು; ಬೆಳಕಿಗೆ ಹಿಡಿದರು. ಮುದ್ದೆಯೊಳಗಿಂದ ಕಪ್ಪನೆಯ ಸಣ್ಣ ಕಾಳೊಂದನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡರು. ಮತ್ತೊಂದನ್ನು ಆರಿಸಿದರು. ಆಮೇಲೆ ಒಂದು ಎಲೆ ಬಂತು.

"ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಬಿಚ್ಚುತಾ ಇದೀನಿ ಯಜಮಾನ್ರೇ," ಎಂದು ನಿಧಾನವಾಗಿ ಹೇಳಿದರು. "ಒಗ್ಗರಣೆ ಹಾಕಿದ್ದನ್ನ ನೋಡಿದ್ದು ಇದೇ ಮೊದಲು. ಇದು ಸಾಸಿವೆ. ಇದು ಕರಿಬೇವು."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಯವ್ವಾ?" ಎಂದ ಅಣ್ಣ.

"ಅಮಾಸಿಗೊಮ್ಮೆ ಒಂದು ತುತ್ತು ಮೊಸರನ್ನ ಹಾಕೀನಿ," ಎಂದಳು ಅವ್ವ. "ಮ್ಯಾಲೆ ಮುಚ್ಚಳ ಕಳದು ಬಟ್ಟಿ ತುರುಕಿದ್ರಲ್ಲ, ಆ ಬಾಯಾಗ. ಒಮ್ಮೆ ಮನಷಾನ ರುಚಿ ಕಂಡೈತಿ ಅದು. ಹಸ್ತು ಕುಂತ್ರ ಇನ್ನೊಬ್ಬರನ್ನ ಹಿಡೀತೈತಿ. ನೀ ದಿನಾ ಅದರ ಹತ್ರ ಹೋಗಾವ. ನಾ ಏನು ಮಾಡ್ಲಿ ಮತ್ತ?"

ಎಂಟು ಅಮಾವಾಸ್ಯೆಗಳ ಕಾಲ, ಮನೆಯಲ್ಲಿ ಯಾರೂ ಏಳುವ ಮುನ್ನ, ಆಕೆ ತನ್ನ ಮಗನ ಕಾಲುಗಳಿಗಾಗಿ ಒಂದು ಕಬ್ಬಿಣದ ಪ್ರಾಣಿಯ ಹೊಟ್ಟೆ ತುಂಬಿಸಿದ್ದಳು. ಆ ಪ್ರಾಣಿಗೆ ಉಸಿರು ಕಟ್ಟಿದ್ದೂ ಅದರಿಂದಲೇ.

ಮೇಸ್ತ್ರಿ ಕರಿಬೇವಿನ ಎಲೆಯನ್ನು ಬದಿಗಿಟ್ಟರು. "ಅನ್ನ ಸರಿ ತಾಯಿ. ನೀರು ಹೆಂಗೆ ಬಂತು?"

ಅವ್ವ ಅವರನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದಳು. "ಉಂಡ ಮ್ಯಾಲೆ ಒಂದು ಚರಿಗಿ ನೀರು ಕೊಡೂದಿಲ್ಲೇನ್ರಿ ನಿಮ್ಮ ಕಡೆ?"

ಅಪ್ಪ ಮಂಚದ ಮೇಲೆ ಮಗ್ಗುಲು ಬದಲಿಸಿ ಗೋಡೆಗೆ ಹೇಳಿದ: "ಬೆರಳು ತಿಂದದ್ದಕ್ಕ ಮೊಸರನ್ನ. ಬೆರಳು ಕೊಟ್ಟಾವಗ ತಂಗಳ ರೊಟ್ಟಿ."

ಪರೀಕ್ಷೆ

ಅಂದು ಇಡೀ ಮಧ್ಯಾಹ್ನ ಒಳಗನ್ನೆಲ್ಲ ಡೀಸೆಲ್ಲಿನಿಂದ ತೊಳೆದು, ಫಿಲ್ಟರು ಬದಲಿಸಿ, ಪಿಸ್ಟನ್ನಿನ ಸವೆದ ಓರಿಂಗನ್ನು ತೆಗೆದು ಹೊಸದನ್ನು ಹಾಕಿದರು. ಎತ್ತಿದ್ದನ್ನು ಹಿಡಿದು ನಿಲ್ಲಲಾರದೆ ಕೈಬಿಡಲು ಆ ಕಿರುಬೆರಳ ದಪ್ಪದ ರಬ್ಬರೇ ಕಾರಣವೆಂದು ಅಪ್ಪನಿಗೆ ತೋರಿಸಿದರು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬಿಗಿಯಾದ ಹೊಸ ಮುಚ್ಚಳವೊಂದನ್ನು ತಂದು ಎಣ್ಣೆಯ ಬಾಯಿಗೆ ಹಾಕಿದರು. ಹಾಕುವಾಗ ಅವ್ವನ ಕಡೆ ನೋಡಲಿಲ್ಲ. ಅಣ್ಣ ಲಿಫ್ಟಿನ ಸನ್ನೆಕೋಲನ್ನು ಮೇಲೆತ್ತಿದ. ಕಲ್ಟಿವೇಟರ್ ಕುಂಯ್‌ಗುಟ್ಟದೆ, ನಡುಗದೆ, ಸೊಂಟದ ಎತ್ತರಕ್ಕೆ ಬಂದು ನಿಂತಿತು. ಇಂಜಿನ್ ಆರಿಸಿದರು. ಮೇಸ್ತ್ರಿ ತೋಳಿನ ಮಟ್ಟಕ್ಕೆ ಬೇವಿನ ಮರದ ಬೊಡ್ಡೆಯ ಮೇಲೆ ಸುಣ್ಣದ ಗೆರೆ ಎಳೆದು, ಹರಪನಹಳ್ಳಿ ಬಸ್ಸು ಹಿಡಿದರು.

ಗೆರೆಯಿಂದ ಅವ್ವನಿಗೆ ಸಮಾಧಾನವಾಗಲಿಲ್ಲ. "ಸಂಜಿತನ ಹಿಂಗ ನಿಂತ್ರ ನಂಬ್ತೀನಿ. ಕೆಳಗ ಏನರ ಇಡ್ರಿ."

"ಇಟ್ಟಂಗಿ ಇಡ್ಲೇನು?" ಎಂದು ಅಣ್ಣ ಗೋಡೆ ಬದಿಯ ಇಟ್ಟಿಗೆಯತ್ತ ಕೈ ಮಾಡಿದ.

"ಇಟ್ಟಂಗಿ ಕಂಡ್ರ ಅದು ಯಾಕ ಇಳೀತೈತಿ?"

ಅವ್ವ ಒಳಗೆ ಹೋಗಿ ಅಪ್ಪನ ಎಡಗಾಲಿನ ಚಪ್ಪಲಿಯನ್ನು ತಂದಳು. ಬೆರಳು ಹೋದಂದಿನಿಂದ ಅಪ್ಪ ಅದನ್ನು ಮೆಟ್ಟಿರಲಿಲ್ಲ. ಮುಂದುಗಡೆ ಖಾಲಿಯಾಗಿ ಕಾಲು ಜಾರುತ್ತದೆಂದು ಬಟ್ಟೆ ಸುತ್ತಿಕೊಂಡೇ ಓಡಾಡುತ್ತಿದ್ದ. ಅವ್ವ ಆ ಚಪ್ಪಲಿಯನ್ನು ಕಲ್ಟಿವೇಟರಿನ ನಡುವಿನ ಹಲ್ಲಿಗೆ ಸರಿಯಾಗಿ ಕೆಳಗಿಟ್ಟು, ಕೈ ಮುಗಿದು, ಒಳಗೆ ಹೋದಳು. ಅಂದಿನ ಊಟದ ನಡುವೆ ಅಣ್ಣ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಗೆರೆ ನೋಡಿ ಬಂದ. ಮೂರನೆಯ ಸಲಕ್ಕೆ ಅಪ್ಪ, "ಕುಂತ್ಕೋ. ನೋಡಿದ್ರ ಅದಕ್ಕ ನಾಚಿಕಿ ಬರೂದಿಲ್ಲ," ಎಂದ.

ಹೊತ್ತಿಳಿಯುವಾಗ ಅವ್ವನೇ ಮೊದಲು ಹೊರಗೆ ಹೋದಳು. ನಾವು ಹೋಗಿ ನೋಡಿದಾಗ ಆಕೆ ಅಂಗಳದ ನಡುವೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಕಲ್ಟಿವೇಟರ್ ಮೇಲೆಯೇ ಇತ್ತು. ಕೆಳಗೆ ಚಪ್ಪಲಿ ಇರಲಿಲ್ಲ.

"ತಿಂತು," ಎಂದಳು.

ಅಣ್ಣ ಗೆರೆಯನ್ನು ಮುಟ್ಟಿ ತೋರಿಸಿದ. "ಯವ್ವಾ, ಇಲ್ನೋಡು. ಕೂದಲೆಳಿಯಷ್ಟೂ ಇಳಿದಿಲ್ಲ. ಅದು ಇದ್ದಲ್ಲೇ ಐತಿ."

"ಇಳೀದಂಗ ತಿಂತು ಅಂದ್ರ ಇನ್ನೂ ಕೆಟ್ಟದ್ದಾತಲ್ಲೋ," ಎಂದಳು ಅವ್ವ. "ಇಳದು ತಿನ್ನೂವಾಗ ಓಡಾಕರ ಬರ್ತಿತ್ತು."

ನಾನು ಮನೆಯ ಸುತ್ತ ಹುಡುಕಿದೆ. ಚಪ್ಪಲಿ ತಿಪ್ಪೆಯ ಹಿಂದೆ ಸಿಕ್ಕಿತು. ಪಕ್ಕದ ಮನೆಯ ನಾಯಿ ಅದನ್ನು ಮುಂಗಾಲುಗಳ ನಡುವೆ ಹಿಡಿದು ಮಲಗಿತ್ತು. ಬೆರಳಿನ ಕಡೆಯ ತುದಿಯನ್ನು ಓರೆಯಾಗಿ, ಬಲು ಅಚ್ಚುಕಟ್ಟಾಗಿ ಕಡಿದು ಹಾಕಿತ್ತು. ಪಟ್ಟಿ ಮಾತ್ರ ಗಟ್ಟಿಯಾಗಿತ್ತು.

ಅದನ್ನು ತಂದು ಅವ್ವನಿಗೆ ತೋರಿಸಿದೆ. ಆಕೆ ಹಲ್ಲಿನ ಗುರುತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನಾಯಿಯದೇ ಹಲ್ಲೆಂದು ಖಾತ್ರಿಯಾದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಅಲುಗುತ್ತಿದ್ದವು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹೇಳುವಂತಿರಲಿಲ್ಲ. ಅಪ್ಪ ಕೈ ಚಾಚಿ ಚಪ್ಪಲಿಯನ್ನು ಇಸಿದುಕೊಂಡ.

"ಗುಜರಿಯವನಿಗೆ ಫೋನ್ ಹಚ್ಚು," ಎಂದಳು ಅವ್ವ ಕೊನೆಗೆ. "ನಾಳೆ ಬರಬ್ಯಾಡಂತ ಹೇಳು."

ಅಣ್ಣ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಆ ಕಡೆಯವನಿಗೆ ಬೇಸರವಾಯಿತು. "ಹಂಗಾರ ಟ್ರ್ಯಾಕ್ಟರ್ ಕೊಡಂಗಿಲ್ಲೇನ್ರಿ? ಕೂಡ್ಲಿಗಿಯಿಂದ ಖಾಲಿ ಗಾಡಿ ತರಾಕ ಹೇಳಿದ್ನಲ್ರಿ. ಹೋಗ್ಲಿ, ಹಳೇ ಪ್ಲಾಸ್ಟಿಕ್ಕು, ಹರದ ಚಪ್ಪಲಿ ಏನರ ಅದಾವೇನು ನೋಡ್ರಿ, ಅವನ್ನರ ಒಯ್ತೀನಿ."

ಅಣ್ಣ ತಿರುಗಿ ಅಪ್ಪನನ್ನು ನೋಡಿದ. ಅಪ್ಪ ಮಂಚದಿಂದ ಇಳಿದು ಟ್ರ್ಯಾಕ್ಟರಿನವರೆಗೆ ನಡೆದುಹೋಗಿ ತಿರುಗಿ ಬರುತ್ತಿದ್ದ. ಎಡಗಾಲಿನಲ್ಲಿ ಬಟ್ಟೆ ಇರಲಿಲ್ಲ, ಚಪ್ಪಲಿ ಇತ್ತು.

"ಹರದದ್ದು ಒಂದೈತಿ," ಎಂದ ಅಪ್ಪ. "ನಾಯಿ ಇವತ್ತ ನನ್ನ ಅಳತಿಗೆ ಮಾಡಿಕೊಟ್ಟೈತಿ. ಕೊಡೂದಿಲ್ಲ ಅನ್ನು."